ಕಂಪ್ಯೂಟರ್ ಕೊಠಡಿಯ ಬೀಗದ ಕೈ ಯಾರ ಬಳಿ ಇದೆ?

(ಬೆಂಗಳೂರಿನ ಉಲ್ಲಾಳದಲ್ಲಿ ನಡೆದ ಪೋಷಕರ ಸಭೆಯಲ್ಲಿ ನೀಡಿದ ಭಾಷಣದ ಲಿಖಿತ ರೂಪ)



ಉಲ್ಲಾಳವೆಂದೊಡನೆ ಕರಾವಳಿಯ ಬಂಧುಗಳಿಗೆ ದರ್ಗಾದ, ರಾಣಿ ಅಬ್ಬಕ್ಕನ ಉಳ್ಳಾಲ ನೆನಪಾಗುತ್ತದೆ. ನಾವಿಂದು ಸೇರಿರುವುದು ಅಲ್ಲಲ್ಲ. ಒಂದು ಬದಿಗೆ ಜ್ಞಾನಭಾರತಿ ಆವರಣ, ಇನ್ನೊಂದು ಬದಿಗೆ ಕೆಂಗೇರಿ ಇರುವ ಬೆಂಗಳೂರಿನ ಪಶ್ಚಿಮದ ಈ ಉಲ್ಲಾಳದಲ್ಲಿ. ಒಂದು ಕಾಲದಲ್ಲಿ ಕೆರೆ, ಹೊಲಗಳ ಹಳ್ಳಿಯಾಗಿದ್ದ ಈ ಸ್ಥಳವು ಇಂದು ಬಡಾವಣೆಗಳ ನಡುವೆ ನಿಂತಿದೆ. 2021ರ ಆಗಸ್ಟ್‌ನಲ್ಲಿ ನೇರಳೆ ಮಾರ್ಗದ ಮೆಟ್ರೋ ಕೆಂಗೇರಿಯವರೆಗೆ ಬಂತು. 2023ರ ಅಕ್ಟೋಬರ್‌ನಲ್ಲಿ ಅದೇ ಮಾರ್ಗವು ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ಣಗೊಂಡಿತು. ಅಂದರೆ ಈ ನಗರಕ್ಕೆ ಜಗತ್ತಿನಲ್ಲಿ ಹೆಸರು ತಂದುಕೊಟ್ಟ ಕಂಪ್ಯೂಟರ್ ಕಂಪೆನಿಗಳ ಬಾಗಿಲಿಗೆ ಇಲ್ಲಿಂದ ನೇರವಾದ ರೈಲಿದೆ. ನಾಳೆ ನಮ್ಮ ಮಕ್ಕಳು ಆ ರೈಲಿನಲ್ಲಿ ಯಾವ ಕೆಲಸಕ್ಕೆ ಹೋಗಲಿದ್ದಾರೆ? ಅಲ್ಲಿಯ ಕಟ್ಟಡಗಳ ಕಾವಲಿಗೋ, ಸ್ವಚ್ಛತೆಗೋ, ವಾಹನ ಚಾಲನೆಗೋ, ಅಥವಾ ಒಳಗೆ ಕುಳಿತು ಯೋಚಿಸುವ ಕೆಲಸಕ್ಕೋ? ಯಾವ ದುಡಿಮೆಯೂ ಹೀನವಲ್ಲ. ಆದರೆ ಮೂರು ತಲೆಮಾರು ಒಂದೇ ಬಗೆಯ ದುಡಿಮೆಯಲ್ಲಿ ಉಳಿದರೆ ಅದನ್ನು ಆಯ್ಕೆಯೆಂದು ಕರೆಯಲಾಗದು.

ಈ ಚಿಂತೆಯಿಂದಲೇ ನಾವೆಲ್ಲರೂ ಮಕ್ಕಳನ್ನು ಶಾಲೆಗೆ ಸೇರಿಸುವಾಗ ಮೊದಲು ಕೇಳುವ ಪ್ರಶ್ನೆಯೊಂದಿದೆ: 'ಕಂಪ್ಯೂಟರ್ ಇದೆಯೇ? ಸ್ಮಾರ್ಟ್ ಕ್ಲಾಸ್ ಇದೆಯೇ?' ಶಾಲೆಯವರೂ ಬುದ್ಧಿವಂತರು. ಕರಪತ್ರದ ಮೊದಲ ಪುಟದಲ್ಲೇ ಕಂಪ್ಯೂಟರ್ ಮುಂದೆ ಸಾಲಾಗಿ ಕುಳಿತ ಮಕ್ಕಳ ಚಿತ್ರ ಹಾಕುತ್ತಾರೆ. ಚಿತ್ರವನ್ನು ನೋಡಿ ನಾವು ಶುಲ್ಕ ಕಟ್ಟುತ್ತೇವೆ. ಇಂದು ನಿಮ್ಮ ಮುಂದಿಡಬಯಸುವ ಮಾತು ಇಷ್ಟೆ: ನಾವು ಕೇಳುತ್ತಿರುವ ಪ್ರಶ್ನೆಯೇ ತಪ್ಪು. ಯಂತ್ರ ಇದೆಯೇ ಎಂದು ಕೇಳುವುದಕ್ಕಿಂತ, ಆ ಯಂತ್ರವನ್ನು ನಮ್ಮ ಮಗುವಿನ ಗಣಿತದ ಟೀಚರ್, ವಿಜ್ಞಾನದ ಟೀಚರ್ ಬಳಸಬಲ್ಲರೇ ಎಂದು ಕೇಳಬೇಕಾಗಿದೆ.

ನಮ್ಮ ಮನೆಯ ಪಾಠ

ಇತರರನ್ನು ದೂರುವ ಮೊದಲು ನಮ್ಮ ಮನೆಯ ಸಂಗತಿಯನ್ನೇ ಹೇಳುತ್ತೇವೆ. ಆರನೆಯ ತರಗತಿಯಲ್ಲಿ ಓದುತ್ತಿದ್ದ ಮಗುವಿನ ಕಂಪ್ಯೂಟರ್ ನೋಟುಪುಸ್ತಕವನ್ನು ಒಮ್ಮೆ ತೆರೆದು ನೋಡಿದೆವು. ಅಂದವಾದ ಅಕ್ಷರಗಳಲ್ಲಿ ಪ್ರಶ್ನೋತ್ತರಗಳಿದ್ದವು. 'ಕಂಪ್ಯೂಟರಿನ ಪಿತಾಮಹ ಯಾರು? ಚಾರ್ಲ್ಸ್ ಬ್ಯಾಬೇಜ್.' 'ಸಿ.ಪಿ.ಯು.ವಿನ ಪೂರ್ಣ ರೂಪ ಬರೆಯಿರಿ.' 'ಇನ್‌ಪುಟ್ ಸಾಧನಗಳನ್ನು ಹೆಸರಿಸಿ.' ಎಲ್ಲದಕ್ಕೂ ಕೆಂಪು ಶಾಯಿಯ ಸರಿ ಗುರುತು. ನಮಗೆ ಸಂತೋಷವಾಯಿತು. ಮನೆಗೆ ಬಂದಿದ್ದ ಬಂಧುವೊಬ್ಬರ ಲ್ಯಾಪ್‌ಟಾಪ್ ಮುಂದಿಟ್ಟು, 'ನಿನ್ನ ಹೆಸರು ಬರೆ ನೋಡೋಣ' ಎಂದೆವು. ಮಗು ಒಂದೊಂದು ಅಕ್ಷರವನ್ನೂ ಹುಡುಕತೊಡಗಿತು. ಎರಡು ಪದಗಳ ನಡುವೆ ಜಾಗ ಬಿಡುವುದು ಹೇಗೆಂದು ಅದಕ್ಕೆ ತಿಳಿದಿರಲಿಲ್ಲ.

ವಿಚಾರಿಸಿದಾಗ ಸಂಗತಿ ತಿಳಿಯಿತು. ವಾರಕ್ಕೆ ಒಂದು ಅವಧಿ. ಒಂದು ಯಂತ್ರಕ್ಕೆ ನಾಲ್ಕು ಮಕ್ಕಳು. ಮೌಸ್ ಹಿಡಿಯುವುದು ಅವರಲ್ಲಿ ಚುರುಕಾದ ಒಬ್ಬ. ಉಳಿದ ಮೂವರು ಅವನ ಭುಜದ ಮೇಲಿಂದ ಇಣುಕುವವರು. ಪರೀಕ್ಷೆ ಹತ್ತಿರ ಬಂದರೆ ಆ ಅವಧಿಯೂ ಬೇರೆ ವಿಷಯಕ್ಕೆ. ಶಾಲೆಗೆ ಹೋಗಿ ಕೊಠಡಿಯನ್ನು ನೋಡಬಯಸಿದೆವು. ಬೀಗ ಹಾಕಿತ್ತು. ಬೀಗದ ಕೈ ಕಂಪ್ಯೂಟರ್ ಪೂರೈಸಿದ ಕಂಪೆನಿಯ ಬೋಧಕನ ಬಳಿ ಇತ್ತು. ಆ ಬೋಧಕ ಕೆಲಸ ಬಿಟ್ಟು ತಿಂಗಳಾಗಿತ್ತು. ಹೊಸಬ ಇನ್ನೂ ಬಂದಿರಲಿಲ್ಲ. ಶಾಲೆಯ ಶಿಕ್ಷಕಿಯೊಬ್ಬರು ಸಂಕೋಚದಿಂದಲೇ, 'ನಮಗೂ ಒಳಗೆ ಹೋಗಲು ಅನುಮತಿ ಇಲ್ಲ. ಏನಾದರೂ ಕೆಟ್ಟರೆ ನಮ್ಮ ತಲೆಗೆ ಬರುತ್ತದೆ' ಎಂದರು.

ಆ ಶಾಲೆಯ ಹೆಸರು ಇಲ್ಲಿ ಅಗತ್ಯವಿಲ್ಲ. ತಪ್ಪು ನಮ್ಮದೂ ಹೌದು. ನಾಲ್ಕು ವರ್ಷ ಕಂಪ್ಯೂಟರ್ ಶುಲ್ಕ ಕಟ್ಟಿ ರಸೀದಿಯನ್ನು ಜೋಪಾನವಾಗಿಟ್ಟಿದ್ದೆವು. ಒಂದು ದಿನವೂ ಏನು ಕಲಿಸುತ್ತೀರೆಂದು ಕೇಳಿರಲಿಲ್ಲ. ಇಲ್ಲಿರುವ ತಂದೆತಾಯಂದಿರಲ್ಲಿ ಎಷ್ಟು ಮಂದಿ ಕೇಳಿದ್ದೀರಿ?

ಗುತ್ತಿಗೆಯ ಕಂಪ್ಯೂಟರ್

ಇದು ಒಂದು ಶಾಲೆಯ ಕಥೆಯಾಗಿದ್ದರೆ ಇಲ್ಲಿ ಹೇಳುವ ಅಗತ್ಯವಿರಲಿಲ್ಲ. ನಮ್ಮ ದೇಶದಲ್ಲಿ ಶಾಲೆಗೆ ಕಂಪ್ಯೂಟರ್ ಬಂದ ಬಗೆಯೇ ಹೀಗಿದೆ. 1984ರಲ್ಲಿ ಕೇಂದ್ರ ಸರಕಾರವು 'ಕ್ಲಾಸ್' ಎಂಬ ಯೋಜನೆಯನ್ನು ಆರಂಭಿಸಿತು. ಬ್ರಿಟನ್ನಿನ ಬಿ.ಬಿ.ಸಿ. ಮೈಕ್ರೋ ಯಂತ್ರಗಳನ್ನು ಪ್ರಾಯೋಗಿಕವಾಗಿ ಸುಮಾರು 250 ಶಾಲೆಗಳಿಗೆ ಕೊಡಲಾಯಿತು. ಅಂದಿನಿಂದ ಇಂದಿನವರೆಗೆ ಯೋಜನೆಗಳ ಹೆಸರು ಬದಲಾಗುತ್ತಾ ಬಂದಿದೆ. ಮೊದಲು ಯಂತ್ರ, ಆಮೇಲೆ ಶಿಕ್ಷಕ ಎಂಬ ಕ್ರಮ ಮಾತ್ರ ಹೆಚ್ಚು ಬದಲಾಗಿಲ್ಲ.

ನಮ್ಮ ರಾಜ್ಯದಲ್ಲಿ 2001ರ ಸುಮಾರಿಗೆ 'ಮಾಹಿತಿ ಸಿಂಧು' ಯೋಜನೆ ಬಂತು. ಸುಮಾರು 1,000 ಸರಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಒದಗಿಸುವುದು ಅದರ ಗುರಿಯಾಗಿತ್ತು. ಉದ್ದೇಶ ಒಳ್ಳೆಯದೇ. ಬಡವರ ಮಕ್ಕಳೂ ಕಂಪ್ಯೂಟರ್ ಮುಟ್ಟಲಿ ಎಂಬ ಆಶಯವನ್ನು ಯಾರು ತಾನೇ ವಿರೋಧಿಸಿಯಾರು? ಆದರೆ ಕೆಲಸವನ್ನು ಖಾಸಗಿ ಕಂಪೆನಿಗಳಿಗೆ ಗುತ್ತಿಗೆ ಕೊಡಲಾಯಿತು. ಯಂತ್ರ ಅವರದು, ತಂತ್ರಾಂಶ ಅವರ ಆಯ್ಕೆ, ಬೋಧಕ ಅವರ ನೌಕರ. ಶಾಲೆಯ ಕಾಯಂ ಶಿಕ್ಷಕರು ಈ ವ್ಯವಸ್ಥೆಯ ಹೊರಗೆ ನಿಂತರು. ಕಡಿಮೆ ಸಂಬಳದ ಬೋಧಕ ಒಳ್ಳೆಯ ಕೆಲಸ ಸಿಕ್ಕೊಡನೆ ಹೊರಟುಹೋಗುತ್ತಾನೆ. ಅದು ಅವನ ತಪ್ಪಲ್ಲ. ಗುತ್ತಿಗೆಯ ಅವಧಿ ಮುಗಿದಾಗ ಕಂಪೆನಿಯೂ ಹೊರಡುತ್ತದೆ. ಕೊನೆಗೆ ಶಾಲೆಯಲ್ಲಿ ಉಳಿಯುವುದು ಧೂಳು ಹಿಡಿದ ಯಂತ್ರ, ಕೆಟ್ಟುಹೋದ ಯು.ಪಿ.ಎಸ್. ಮತ್ತು ಅದನ್ನು ಮುಟ್ಟಲು ಹೆದರುವ ಮೇಷ್ಟ್ರು. ಗುತ್ತಿಗೆ ಕೊಟ್ಟ ಇಲಾಖೆಯ ಕಡತದಲ್ಲಿ ಮಾತ್ರ ಯೋಜನೆ ಯಶಸ್ವಿಯಾಗಿರುತ್ತದೆ. ಏಕೆಂದರೆ ಅಲ್ಲಿ ಎಣಿಕೆಯಾಗುವುದು ಯಂತ್ರಗಳು, ಮಕ್ಕಳು ಕಲಿತ ವಿದ್ಯೆಯಲ್ಲ.

ಇದೇ ಕಾಲದಲ್ಲಿ ನೆರೆಯ ಕೇರಳವು ಬೇರೊಂದು ದಾರಿಯನ್ನು ಹಿಡಿಯಿತು. ಅದರ ಹಿಂದೆ ಇದ್ದವರು ಒಬ್ಬ ಕನ್ನಡಿಗರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿ, ಇಸ್ರೋ ಅಧ್ಯಕ್ಷರಾಗಿದ್ದ ಪ್ರೊ. ಯು.ಆರ್. ರಾವ್ ಅವರ ನೇತೃತ್ವದ ಕಾರ್ಯಪಡೆಯ ಶಿಫಾರಸಿನ ಮೇಲೆ 2001ರಲ್ಲಿ ಅಲ್ಲಿ 'ಐ.ಟಿ.@ಸ್ಕೂಲ್' ಯೋಜನೆ ರೂಪುಗೊಂಡಿತು. ಅಲ್ಲಿ ಮೊದಲು ತರಬೇತಿ ಕೊಟ್ಟದ್ದು ಶಾಲೆಯ ಶಿಕ್ಷಕರಿಗೆ. ಇತರ ಶಿಕ್ಷಕರಿಗೆ ಕಲಿಸುವ ಮುಖ್ಯ ತರಬೇತುದಾರರೂ ಹೊರಗಿನ ಕಂಪೆನಿಯವರಲ್ಲ. ಶಾಲೆಗಳಲ್ಲಿ ಪಾಠ ಮಾಡುತ್ತಿದ್ದವರೇ. ಪ್ರತಿ ಶಾಲೆಯಲ್ಲಿ ಒಬ್ಬ ಶಿಕ್ಷಕರಿಗೆ ಕಂಪ್ಯೂಟರ್ ಸಂಯೋಜಕರ ಹೊಣೆ. ಹಣ ಕೊಟ್ಟು ಕೊಳ್ಳುವ ತಂತ್ರಾಂಶಗಳ ಬದಲು ಎಲ್ಲರೂ ಮುಕ್ತವಾಗಿ ಬಳಸಿ, ಬದಲಿಸಿ, ಹಂಚಬಹುದಾದ ಲಿನಕ್ಸ್ ಮತ್ತಿತರ ತಂತ್ರಾಂಶಗಳನ್ನು ಅವರು ಆರಿಸಿಕೊಂಡರು. ಇದರಿಂದ ಪರವಾನಗಿಯ ಹಣ ಉಳಿಯಿತು. ಅದಕ್ಕಿಂತ ದೊಡ್ಡ ಲಾಭವೆಂದರೆ, ಶಿಕ್ಷಕರಿಗೆ ಯಂತ್ರವು ತಮ್ಮದೆಂಬ ಧೈರ್ಯ ಬಂತು.

2017ರಲ್ಲಿ ಆ ಯೋಜನೆಯೇ 'ಕೈಟ್' ಎಂಬ ಸರಕಾರಿ ಸಂಸ್ಥೆಯಾಯಿತು. 2018ರಲ್ಲಿ 'ಲಿಟಲ್ ಕೈಟ್ಸ್' ಎಂಬ ವಿದ್ಯಾರ್ಥಿ ಕ್ಲಬ್‌ಗಳು ಪ್ರೌಢಶಾಲೆಗಳಲ್ಲಿ ಆರಂಭವಾದವು. ಕಾಸರಗೋಡು, ಮಂಜೇಶ್ವರದ ಕನ್ನಡ ಮಾಧ್ಯಮದ ಮಕ್ಕಳೂ ಇದೇ ವ್ಯವಸ್ಥೆಯೊಳಗೆ ಕನ್ನಡದಲ್ಲಿ ಕಂಪ್ಯೂಟರ್ ಪಾಠ ಓದುತ್ತಾರೆ. ಗಡಿಯಾಚೆಯ ಕನ್ನಡದ ಮಗುವಿಗೆ ಸಾಧ್ಯವಾದದ್ದು ಕಂಪ್ಯೂಟರಿನ ರಾಜಧಾನಿಯೆನಿಸಿದ ಬೆಂಗಳೂರಿನ ಮಗುವಿಗೆ ಏಕೆ ದುರ್ಲಭವಾಗಬೇಕು? ಕರ್ನಾಟಕದಲ್ಲಿ ಪ್ರಯತ್ನಗಳೇ ಆಗಿಲ್ಲವೆಂದಲ್ಲ. 2010ರ ದಶಕದಲ್ಲಿ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರನ್ನು ವಿಷಯವಾರು ಒಗ್ಗೂಡಿಸಿ, ಪಾಠ ಸಾಮಗ್ರಿಯನ್ನು ಕನ್ನಡದಲ್ಲಿ ತಾವೇ ತಯಾರಿಸಿ ಹಂಚಿಕೊಳ್ಳುವ ವೇದಿಕೆಗಳು ಇಲ್ಲಿಯೂ ಹುಟ್ಟಿದವು. 2016-17ರಿಂದ 'ಟಾಲ್ಪ್' ಎಂಬ ಕಾರ್ಯಕ್ರಮದಡಿ ಶಿಕ್ಷಕರಿಗೆ ತರಬೇತಿ ನೀಡಲಾಯಿತು. ಆದರೆ ಆರಂಭದಲ್ಲಿ ಕಳೆದುಕೊಂಡ ವರ್ಷಗಳಿಗೆ ಬೆಲೆ ತೆತ್ತವರು ಸರಕಾರಿ ಶಾಲೆಯ ಮಕ್ಕಳು; ಅವರಲ್ಲಿ ನಮ್ಮ ಮಕ್ಕಳ ಪಾಲು ಚಿಕ್ಕದಲ್ಲ.

ಕಂಪ್ಯೂಟರ್ ಮಾರಿದವರ ಅನುಭವ

'ಇವರು ಹಳೆಯ ಕಾಲದವರು, ತಂತ್ರಜ್ಞಾನದ ವಿರೋಧಿಗಳು' ಎಂದು ಯಾರಾದರೂ ಭಾವಿಸಿಯಾರು. ಹಾಗಾದರೆ ಕಂಪ್ಯೂಟರ್ ಉದ್ಯಮದಿಂದಲೇ ಸಂಪತ್ತು ಗಳಿಸಿದ ಅಝೀಮ್ ಪ್ರೇಮ್‌ಜಿಯವರ ಪ್ರತಿಷ್ಠಾನದ ಅನುಭವವನ್ನು ನೋಡೋಣ. 2000ದ ದಶಕದ ಆರಂಭದಲ್ಲಿ ಆ ಪ್ರತಿಷ್ಠಾನವು ಮಕ್ಕಳಿಗೆ ಆಟ, ಕಥೆಗಳ ಮೂಲಕ ಕಲಿಸುವ ಸಿ.ಡಿ.ಗಳನ್ನು ಹಲವು ಭಾಷೆಗಳಲ್ಲಿ ತಯಾರಿಸಿ ಸರಕಾರಿ ಶಾಲೆಗಳಿಗೆ ತಲುಪಿಸಿತು. ಅದರ ಬಳಿ ಹಣದ ಕೊರತೆ ಇರಲಿಲ್ಲ. ತಾಂತ್ರಿಕ ಜ್ಞಾನದ ಕೊರತೆಯಂತೂ ಇರಲೇ ಇಲ್ಲ. ಆದರೂ ಕೆಲವು ವರ್ಷಗಳ ನಂತರ ಅವರು ಆ ಮಾರ್ಗವನ್ನು ಕೈಬಿಟ್ಟರು. ಶಿಕ್ಷಣದಲ್ಲಿ ಇಂತಹ ತಂತ್ರಜ್ಞಾನದ ಮಿತಿಗಳೇನೆಂಬುದನ್ನು ಪ್ರತಿಷ್ಠಾನದ ಅನುರಾಗ್ ಬೆಹರ್ ಅವರು 2010ರಲ್ಲಿ ಪತ್ರಿಕೆಯಲ್ಲಿ ಬಹಿರಂಗವಾಗಿಯೇ ಬರೆದರು. ಇಂದು ಆ ಪ್ರತಿಷ್ಠಾನವು ಯಾದಗಿರಿ, ಕಲಬುರಗಿಯಂತಹ ಜಿಲ್ಲೆಗಳಲ್ಲಿ ಮುಖ್ಯವಾಗಿ ಮಾಡುತ್ತಿರುವ ಕೆಲಸ ಶಿಕ್ಷಕರ ಜತೆಗಿನದು. ತಮ್ಮ ಪ್ರಯೋಗ ಫಲಿಸಲಿಲ್ಲವೆಂದು ಒಪ್ಪಿಕೊಳ್ಳಲು ಧೈರ್ಯ ಬೇಕು. ನಮ್ಮ ಸರಕಾರಗಳಿಗೆ ಮತ್ತು ಶಾಲಾ ಆಡಳಿತ ಮಂಡಳಿಗಳಿಗೆ ಆ ಧೈರ್ಯ ಬರಲಿ.

ಹೊರದೇಶಗಳ ಅನುಭವವೂ ಭಿನ್ನವಲ್ಲ. ದಕ್ಷಿಣ ಅಮೆರಿಕದ ಪೆರು ದೇಶವು ಮಕ್ಕಳಿಗೆ ಹತ್ತು ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್‌ಗಳನ್ನು ಹಂಚಿತು. ಪಾಠಕ್ರಮದೊಂದಿಗೆ ಅವುಗಳನ್ನು ಬೆಸೆಯದೆ ಹಂಚಿದ್ದರಿಂದ ಕಲಿಕೆ ಸುಧಾರಿಸಲಿಲ್ಲವೆಂದು ಯುನೆಸ್ಕೋ ತನ್ನ 2023ರ ಜಾಗತಿಕ ಶಿಕ್ಷಣ ವರದಿಯಲ್ಲಿ ಎತ್ತಿ ಹೇಳಿತು. ಅದೇ ವರ್ಷ ಸ್ವೀಡನ್ ಸರಕಾರವು ಕಿರಿಯ ತರಗತಿಗಳಲ್ಲಿ ಪರದೆಯ ಬಳಕೆಯನ್ನು ತಗ್ಗಿಸಿ, ಮುದ್ರಿತ ಪುಸ್ತಕ ಮತ್ತು ಕೈಬರಹಕ್ಕೆ ಮತ್ತೆ ಒತ್ತುಕೊಡಲು ನಿರ್ಧರಿಸಿತು. ಶ್ರೀಮಂತ ದೇಶವೊಂದು ಪುಸ್ತಕಕ್ಕೆ ಮರಳುವಾಗ ನಾವು ಸಾಲ ಮಾಡಿ ಟ್ಯಾಬ್ ಕೊಳ್ಳುತ್ತಿದ್ದೇವೆ.

ಸಾಲದ ಮಾತು ಬಂದುದರಿಂದ ಇನ್ನೊಂದನ್ನೂ ಹೇಳಬೇಕು. 2011ರಲ್ಲಿ ನಮ್ಮ ಬೆಂಗಳೂರಿನಲ್ಲೇ ಹುಟ್ಟಿ, ಮೊಬೈಲ್ ಮೂಲಕ ಪಾಠ ಮಾರಿ ದೇಶದ ಮನೆಮಾತಾದ ಬೈಜೂಸ್ ಕಂಪೆನಿಯು 2024ರ ಜುಲೈಯಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಕಂಪೆನಿಗಳು ಏಳುತ್ತವೆ, ಬೀಳುತ್ತವೆ. ಆದರೆ 'ನಿಮ್ಮ ಮಗು ಹಿಂದೆ ಬಿದ್ದೀತು' ಎಂಬ ಭಯವನ್ನು ಮಾರುವ ವ್ಯಾಪಾರ ಮಾತ್ರ ನಿಲ್ಲುವುದಿಲ್ಲ. ಮನೆ ಬಾಗಿಲಿಗೆ ಬರುವ ಮಾರಾಟಗಾರನಿಗೆ ನಮ್ಮ ದೌರ್ಬಲ್ಯ ಗೊತ್ತು. ಓದಲಾಗದೆ ಹೋದ ತಂದೆ ಮಗನ ಓದಿಗಾಗಿ ಯಾವ ಕಾಗದಕ್ಕೂ ಸಹಿ ಹಾಕುತ್ತಾನೆ.

ಒಂದು ಫೋನು, ಮೂವರು ಮಕ್ಕಳು

2020ರ ವರ್ಷವನ್ನು ನಾವು ಬೇಗ ಮರೆತಿದ್ದೇವೆ. ಶಾಲೆಗಳು ಮುಚ್ಚಿದವು. ಜೂನ್‌ನಲ್ಲಿ ರಾಜ್ಯ ಸರಕಾರವು ಐದನೆಯ ತರಗತಿಯವರೆಗೆ ಆನ್‌ಲೈನ್ ತರಗತಿ ಬೇಡವೆಂದಿತು. ಜುಲೈಯಲ್ಲಿ ಹೈಕೋರ್ಟ್ ಆ ನಿರ್ಬಂಧಕ್ಕೆ ತಡೆ ನೀಡಿತು. ಅದೇ ತಿಂಗಳು ದೂರದರ್ಶನದ ಚಂದನ ವಾಹಿನಿಯಲ್ಲಿ ಪ್ರೌಢಶಾಲಾ ಮಕ್ಕಳಿಗಾಗಿ 'ಸಂವೇದ' ಪಾಠಗಳು ಆರಂಭವಾದವು. ಮೇಲಿನವರು ವಾದಿಸುತ್ತಿದ್ದಾಗ ನಮ್ಮ ಮೊಹಲ್ಲಾಗಳಲ್ಲಿ ಏನಾಗುತ್ತಿತ್ತು? ಮನೆಗೆ ಒಂದು ಫೋನು. ಅದು ಬೆಳಿಗ್ಗೆ ತಂದೆಯೊಂದಿಗೆ ಗ್ಯಾರೇಜಿಗೋ ಆಟೋ ನಿಲ್ದಾಣಕ್ಕೋ ಹೋಗುತ್ತಿತ್ತು. ಸಂಜೆ ಬಂದೊಡನೆ ಮೊದಲ ಹಕ್ಕು ಮಗನದು. ಅವನ ಪಾಠ, ಅವನ ಆಟ, ಅವನ ಗೆಳೆಯರು ಮುಗಿದ ಮೇಲೆ, ರಾತ್ರಿ ಹತ್ತರ ನಂತರ, ಚಾರ್ಜ್ ಕಡಿಮೆಯಾದ ಫೋನು ಎಸೆಸೆಲ್ಸಿ ಓದುತ್ತಿದ್ದ ಮಗಳ ಕೈಗೆ ಬರುತ್ತಿತ್ತು. ಆಕೆ ಅಡುಗೆಮನೆಯ ಮೂಲೆಯಲ್ಲಿ ಕುಳಿತು ಟೀಚರ್ ಕಳುಹಿಸಿದ ನೋಟ್ಸನ್ನು ನಕಲು ಮಾಡಿಕೊಳ್ಳುತ್ತಿದ್ದಳು. ಅರ್ಥವಾಗದ್ದನ್ನು ಕೇಳಲು ಆ ಹೊತ್ತಿನಲ್ಲಿ ಯಾರಿದ್ದರು?

ಆ ದಿನಗಳಲ್ಲಿ ಬಡ ಮಕ್ಕಳನ್ನು ನಿಜವಾಗಿ ತಲುಪಿದ್ದು ಯಾವುದು? ಆಗಸ್ಟ್‌ನಲ್ಲಿ ಆರಂಭವಾದ 'ವಿದ್ಯಾಗಮ'. ಶಿಕ್ಷಕರು ತಾವೇ ಮಕ್ಕಳಿದ್ದಲ್ಲಿಗೆ ಹೋಗಿ ಮರದಡಿಯಲ್ಲಿ, ಸಮುದಾಯ ಭವನದಲ್ಲಿ, ದೇವಸ್ಥಾನದ ಜಗಲಿಯಲ್ಲಿ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನೂ ನಿಲ್ಲಿಸಬೇಕಾಯಿತು. ಟಿ.ವಿ. ಇತ್ತು, ಫೋನ್ ಇತ್ತು, ಉಪಗ್ರಹವೂ ಇತ್ತು; ಆದರೂ ಮಗು ಕಾದದ್ದು ಟೀಚರ್‌ಗಾಗಿ.

ಹೆಣ್ಣುಮಕ್ಕಳ ವಿಷಯದಲ್ಲಿ ನಾವು ಆತ್ಮವಿಮರ್ಶೆ ಮಾಡಿಕೊಳ್ಳಲೇಬೇಕು. ಗ್ರಾಮೀಣ ಭಾರತದ 14ರಿಂದ 18 ವರ್ಷದವರ ಬಗ್ಗೆ 2023ರ 'ಅಸರ್' ವರದಿ ಹೇಳುವಂತೆ, ಸ್ಮಾರ್ಟ್‌ಫೋನ್ ಬಳಸಬಲ್ಲವರ ಪೈಕಿ ಸ್ವಂತ ಫೋನ್ ಇರುವ ಹುಡುಗರು ಶೇ. 43.7, ಹುಡುಗಿಯರು ಶೇ. 19.8 ಮಾತ್ರ. ಇದು ಎಲ್ಲ ಸಮುದಾಯಗಳ ಕಥೆ. ನಮ್ಮ ಬೀದಿಯಲ್ಲಿ ಎಣಿಸಿದರೆ ಸಂಖ್ಯೆ ಇದಕ್ಕಿಂತ ಚೆನ್ನಾಗಿರುತ್ತದೆಂದು ಎದೆ ಮುಟ್ಟಿ ಹೇಳಬಲ್ಲೆವೇ? ಮಗನ ಕೈಯಲ್ಲಿ ಫೋನು ಕೆಡುವುದಿಲ್ಲ, ಮಗಳ ಕೈಯಲ್ಲಿ ಮಾತ್ರ ಕೆಡುತ್ತದೆ ಎಂಬ ತರ್ಕ ಎಲ್ಲಿಂದ ಬಂತು? ಅದೇ ಸಂಸ್ಥೆಯ 2024ರ ವರದಿಯಂತೆ, 14ರಿಂದ 16 ವರ್ಷದವರಲ್ಲಿ ಹಿಂದಿನ ವಾರ ಫೋನನ್ನು ಓದಿಗಾಗಿ ಬಳಸಿದವರು ಶೇ. 57, ಸಾಮಾಜಿಕ ಜಾಲತಾಣಗಳಿಗಾಗಿ ಬಳಸಿದವರು ಶೇ. 76. ಕಾವಲು ಬೇಕಾದರೆ ಅದು ಇಬ್ಬರಿಗೂ ಬೇಕು; ವಿಶ್ವಾಸವೂ ಇಬ್ಬರಿಗೂ ಬೇಕು. ಫೋನಿಗಿಂತ ಶಾಲೆಯ ಕಂಪ್ಯೂಟರ್ ಕೊಠಡಿಯೇ ಆಕೆಗೆ ಹೆಚ್ಚು ಅಗತ್ಯ. ಮನೆಯಲ್ಲಿ ಸರದಿ ಸಿಗದ ಹುಡುಗಿಗೆ ಸರದಿ ಸಿಗಬೇಕಾದ ಏಕೈಕ ಸ್ಥಳ ಅದು. ಆ ಕೊಠಡಿಗೆ ಬೀಗ ಹಾಕಿದರೆ ಮೊದಲು ಹೊರಗುಳಿಯುವವಳು ಅವಳೇ.

ಆಮೆ ಕಲಿಸಿದ ರೇಖಾಗಣಿತ

ಹಾಗಾದರೆ ಒಳ್ಳೆಯ ಕಂಪ್ಯೂಟರ್ ಪಾಠ ಹೇಗಿರುತ್ತದೆ? ಒಂದು ಉದಾಹರಣೆ ಕೊಡುತ್ತೇವೆ. 1967ರಲ್ಲಿ ಅಮೆರಿಕದಲ್ಲಿ ಸೀಮೋರ್ ಪ್ಯಾಪರ್ಟ್ ಎಂಬ ಗಣಿತಜ್ಞ ಮತ್ತು ಅವರ ಸಹೋದ್ಯೋಗಿಗಳು ಮಕ್ಕಳಿಗಾಗಿ 'ಲೋಗೋ' ಎಂಬ ಕಂಪ್ಯೂಟರ್ ಭಾಷೆಯನ್ನು ರೂಪಿಸಿದರು. ಮುಂದೆ ಅದರಲ್ಲಿ ಒಂದು 'ಆಮೆ' ಸೇರಿಕೊಂಡಿತು. 'ನೂರು ಹೆಜ್ಜೆ ಮುಂದೆ ಹೋಗು, 90 ಡಿಗ್ರಿ ಬಲಕ್ಕೆ ತಿರುಗು' ಎಂದು ನಾಲ್ಕು ಸಲ ಹೇಳಿದರೆ ಆಮೆ ಪರದೆಯ ಮೇಲೆ ಚೌಕ ಬರೆಯುತ್ತದೆ. ಈಗ ಸಮಬಾಹು ತ್ರಿಭುಜ ಬರೆಸು ಎನ್ನಿ. ತ್ರಿಭುಜದ ಕೋನ 60 ಡಿಗ್ರಿ ಎಂದು ಪುಸ್ತಕದಲ್ಲಿ ಓದಿದ ಮಗು '60 ಡಿಗ್ರಿ ತಿರುಗು' ಎಂದು ಆಜ್ಞಾಪಿಸುತ್ತದೆ. ಆದರೆ ಆಮೆ ತ್ರಿಭುಜವನ್ನು ಬರೆಯುವುದಿಲ್ಲ; ಷಡ್ಭುಜದ ದಾರಿ ಹಿಡಿಯುತ್ತದೆ! ಮಗುವಿಗೆ ಆಶ್ಚರ್ಯ. ಎದ್ದು ನಿಂತು ತಾನೇ ತ್ರಿಭುಜದ ಆಕಾರದಲ್ಲಿ ನಡೆದು ನೋಡುತ್ತದೆ. ಮೂಲೆಯಲ್ಲಿ ತಾನು ತಿರುಗಬೇಕಾದದ್ದು ಒಳಗಿನ ಕೋನದಷ್ಟಲ್ಲ, ಹೊರಗಿನ ಕೋನದಷ್ಟು, ಅಂದರೆ 120 ಡಿಗ್ರಿ ಎಂಬುದು ಆಗ ಹೊಳೆಯುತ್ತದೆ.

ಇಲ್ಲಿ ಯಂತ್ರ ಮಗುವಿಗೆ ಪಾಠ ಹೇಳಲಿಲ್ಲ. ಮಗು ಯಂತ್ರಕ್ಕೆ ಹೇಳಿಕೊಟ್ಟಿತು. ಹೇಳಿಕೊಡುವಾಗ ತಾನು ಕಲಿಯಿತು. ಹತ್ತಿರ ನಿಂತಿದ್ದ ಟೀಚರ್ ಉತ್ತರವನ್ನು ಒಡನೆ ಹೇಳದೆ, 'ನೀನೇ ನಡೆದು ನೋಡು' ಎಂದರು. ಆ ಒಂದು ಮಾತು ಯಾವ ತಂತ್ರಾಂಶದಲ್ಲೂ ಇಲ್ಲ. ಗಣಿತ ತಿಳಿಯದ, ಗುತ್ತಿಗೆಯ ಮೇಲೆ ಬಂದ ಯುವಕನಿಂದ ಅದನ್ನು ನಿರೀಕ್ಷಿಸುವುದು ನ್ಯಾಯವೂ ಅಲ್ಲ. ಈಗ ಇದೇ ಕೆಲಸಕ್ಕೆ 'ಸ್ಕ್ರ್ಯಾಚ್' ಇದೆ. ರೇಖಾಗಣಿತಕ್ಕೆ 'ಜಿಯೋಜಿಬ್ರಾ' ಇದೆ. ಎರಡೂ ಶಾಲೆಗಳಿಗೆ ಉಚಿತವಾಗಿ ಸಿಗುತ್ತವೆ. ಹಳೆಯ ಯಂತ್ರಗಳಲ್ಲೂ ಇಂತಹ ಎಷ್ಟೋ ಕೆಲಸ ನಡೆಯುತ್ತದೆ. ಗೋಡೆಯ ತುಂಬ ಹರಡಿದ ದುಬಾರಿ ಪರದೆಯ ಮೇಲೆ ಯಾರೋ ತಯಾರಿಸಿದ ಚಿತ್ರ ಓಡುತ್ತಿದ್ದರೆ, ಮಕ್ಕಳು ಬಾಯಿ ತೆರೆದು ನೋಡುತ್ತಿದ್ದರೆ, ಅದು ಟಿ.ವಿ. ನೋಡುವುದಕ್ಕಿಂತ ಹೆಚ್ಚೇನೂ ಅಲ್ಲ.

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ನಂತರ ಈ ಎಚ್ಚರಿಕೆ ಇನ್ನಷ್ಟು ಅಗತ್ಯವಾಗಿದೆ. ಇಂದು ಕೃತಕ ಬುದ್ಧಿಮತ್ತೆಯು ಮಗುವಿನ ಪ್ರಬಂಧವನ್ನು ಬರೆದುಕೊಡುತ್ತದೆ, ಲೆಕ್ಕವನ್ನೂ ಬಿಡಿಸಿಕೊಡುತ್ತದೆ. ಕೆಲವೊಮ್ಮೆ ತಪ್ಪನ್ನೂ ಅಷ್ಟೇ ಆತ್ಮವಿಶ್ವಾಸದಿಂದ ಹೇಳುತ್ತದೆ. ಆ ತಪ್ಪನ್ನು ಗುರುತಿಸಲು ಮಗುವಿಗೆ ಮೊದಲು ತನ್ನ ವಿಷಯ ತಿಳಿದಿರಬೇಕು. ಓದಲು, ಬರೆಯಲು, ಲೆಕ್ಕ ಮಾಡಲು ಬಾರದ ಮಗುವಿನ ಕೈಗೆ ಇಂತಹ ಸಾಧನ ಕೊಡುವುದು ಈಜು ಬಾರದವನನ್ನು ದೋಣಿಯಲ್ಲಿ ಕೂರಿಸಿ ನಡುನೀರಿಗೆ ತಳ್ಳಿದಂತೆ.

ಯಂತ್ರ ಬೇಡವೇ?

ಸಹೋದರರೇ, ನಮ್ಮ ಮಾತಿನಿಂದ 'ಕಂಪ್ಯೂಟರ್ ಬೇಡ' ಎಂಬ ಅರ್ಥವನ್ನು ದಯವಿಟ್ಟು ತೆಗೆಯಬೇಡಿ. 2006ರ ಸಾಚಾರ್ ಸಮಿತಿಯ ವರದಿಯು 6ರಿಂದ 14 ವರ್ಷದ ಮುಸ್ಲಿಮ್ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಶಾಲೆಯ ಮೆಟ್ಟಿಲು ಹತ್ತಿಲ್ಲ ಅಥವಾ ನಡುವೆ ಬಿಟ್ಟಿದ್ದಾರೆಂದು ಹೇಳಿತ್ತು. ಹಿಂದೆ ಇಂಗ್ಲಿಷ್ ಶಿಕ್ಷಣ ಬಂದಾಗ ಹಿಂಜರಿದದ್ದರ ಬೆಲೆಯನ್ನು ನಾವು ತಲೆಮಾರುಗಳವರೆಗೆ ತೆತ್ತೆವು. ಕಂಪ್ಯೂಟರ್ ವಿಷಯದಲ್ಲಿ ಅದೇ ತಪ್ಪು ಆಗಕೂಡದು. ಶ್ರೀಮಂತರ ಮಗು ಶಾಲೆಯಲ್ಲಿ ಕಲಿಯದಿದ್ದರೂ ಮನೆಯಲ್ಲಿ ಕಲಿಯುತ್ತದೆ. ನಮ್ಮ ಮಗುವಿಗೆ ಶಾಲೆಯೇ ಗತಿ. ಆದ್ದರಿಂದಲೇ ಶಾಲೆಯಲ್ಲಿ ನಡೆಯುವುದು ನಾಟಕವಾಗದೆ ಪಾಠವಾಗಬೇಕೆಂದು ನಾವು ಹಟ ಹಿಡಿಯಬೇಕು.

ಅದಕ್ಕಾಗಿ ಮುಂದಿನ ಬಾರಿ ಶಾಲೆಗೆ ಹೋದಾಗ ಐದು ಪ್ರಶ್ನೆಗಳನ್ನು ಕೇಳಿ. ಒಂದು, ನಮ್ಮ ಮಗು ವಾರದಲ್ಲಿ ಎಷ್ಟು ನಿಮಿಷ ತನ್ನ ಕೈಯಿಂದ ಕಂಪ್ಯೂಟರ್ ಮುಟ್ಟುತ್ತದೆ? ಎರಡು, ಕೊಠಡಿಯ ಬೀಗದ ಕೈ ಶಾಲೆಯ ಶಿಕ್ಷಕರ ಬಳಿ ಇದೆಯೇ? ಮೂರು, ಗಣಿತ ಮತ್ತು ವಿಜ್ಞಾನದ ಶಿಕ್ಷಕರು ತಮ್ಮ ಪಾಠಕ್ಕೆ ಅದನ್ನು ಬಳಸುತ್ತಾರೆಯೇ. ಅವರಿಗೆ ತರಬೇತಿ ಕೊಡಿಸಿದ್ದೀರಾ? ನಾಲ್ಕು, ಹುಡುಗಿಯರಿಗೆ ಪ್ರತ್ಯೇಕವಾಗಿ, ಖಚಿತವಾಗಿ ಸರದಿ ಇದೆಯೇ? ಐದು, ಕಟ್ಟಿದ ಕಂಪ್ಯೂಟರ್ ಶುಲ್ಕ ಯಾವುದಕ್ಕೆ ಖರ್ಚಾಯಿತು? ಸಭ್ಯವಾಗಿ ಕೇಳಿ, ಆದರೆ ಉತ್ತರ ಸಿಗುವವರೆಗೆ ಕೇಳಿ. ಸರಕಾರಿ ಶಾಲೆಯಾದರೆ ಅಲ್ಲಿ ಪೋಷಕರೇ ಸದಸ್ಯರಾಗಿರುವ ಎಸ್.ಡಿ.ಎಂ.ಸಿ. ಇದೆ. ಸಭೆಯ ದಿನ ಸಹಿ ಹಾಕಿ ಚಹಾ ಕುಡಿದು ಬರುವುದಕ್ಕಾಗಿ ಆ ಸಮಿತಿ ರಚನೆಯಾದದ್ದಲ್ಲ.

ಸರಕಾರಕ್ಕೂ ನಮ್ಮ ಬೇಡಿಕೆ ಸ್ಪಷ್ಟವಾಗಿರಲಿ. ಸಾವಿರಾರು ಶಿಕ್ಷಕರ ಹುದ್ದೆಗಳನ್ನು ಖಾಲಿ ಇಟ್ಟು, ಅತಿಥಿ ಶಿಕ್ಷಕರಿಂದ ದಿನ ದೂಡುತ್ತಾ, ಮತ್ತೊಂದು ಟೆಂಡರ್ ಕರೆದು ಯಂತ್ರ ಖರೀದಿಸುವುದು ಶಿಕ್ಷಣ ನೀತಿಯಲ್ಲ. ಮೊದಲು ಶಿಕ್ಷಕರನ್ನು ನೇಮಿಸಿ, ಅವರಿಗೆ ಕಲಿಸಿ, ಆಮೇಲೆ ಅವರೇ ಕೇಳುವ ಯಂತ್ರವನ್ನು ಕೊಡಿ. ಕನ್ನಡ ಮತ್ತು ಉರ್ದು ಮಾಧ್ಯಮದ ಮಕ್ಕಳಿಗೆ ಅವರ ಭಾಷೆಯಲ್ಲೇ ಪಾಠ ಸಾಮಗ್ರಿ ಸಿಗಲಿ. ಕಂಪ್ಯೂಟರಿಗೆ ಇಂಗ್ಲಿಷ್ ಮಾತ್ರ ಅರ್ಥವಾಗುತ್ತದೆಂಬ ಭ್ರಮೆ ಬೇಡ. ಕೆ.ಪಿ. ರಾವ್ ಅವರಂತಹವರ ಶ್ರಮದಿಂದ ಕೀಲಿಮಣೆಯಲ್ಲಿ ಕನ್ನಡ ಬರೆಯುವುದು ಎಂದೋ ಸುಲಭವಾಗಿದೆ.

ಕೊನೆಯದಾಗಿ ನಮ್ಮ ಸಮುದಾಯಕ್ಕೆ. ಶಾದಿಮಹಲ್‌ಗಳಿಗೆ ನಾವು ಹಣ ಕೂಡಿಸುತ್ತೇವೆ. ವರ್ಷದ ಹೆಚ್ಚಿನ ದಿನಗಳು ಅವು ಖಾಲಿ ಇರುತ್ತವೆ. ಅಲ್ಲಿ ಒಂದು ಕೊಠಡಿ, ಕಚೇರಿಗಳು ಬದಲಿಸಿ ಬಿಟ್ಟ ನಾಲ್ಕೈದು ಕಂಪ್ಯೂಟರ್, ಸಂಜೆ ಎರಡು ಗಂಟೆ. ನಮ್ಮಲ್ಲೇ ಎಂಜಿನಿಯರಿಂಗ್ ಓದಿದ ಯುವಕರು, ಮದುವೆಯಾಗಿ ಮನೆಯಲ್ಲಿರುವ ಪದವೀಧರ ಸಹೋದರಿಯರು ಇದ್ದಾರೆ. ಯಂತ್ರವನ್ನು ಕೊನೆಗೆ ಕೊಂಡರೂ ನಡೆದೀತು. ಮೊದಲು ಕಲಿಸುವವರನ್ನು ಗೊತ್ತುಮಾಡಿ. ವಾರದಲ್ಲಿ ಮೂರು ದಿನ ಹುಡುಗಿಯರಿಗೇ ಮೀಸಲಿಡಿ. ಇದಕ್ಕೆ ಯಾವ ಸರಕಾರದ ಆದೇಶವೂ ಬೇಕಿಲ್ಲ.

ಕಳೆದ ತಿಂಗಳು ಅದೇ ಶಾಲೆಗೆ ಮತ್ತೊಮ್ಮೆ ಹೋಗಿದ್ದೆವು. ಕೆಲವು ಪೋಷಕರು ಕೂಡಿ ಕೇಳಿದ ಮೇಲೆ ಬೀಗದ ಕೈ ಈಗ ಗಣಿತದ ಟೀಚರ್ ಬಳಿ ಇದೆ. ಹದಿನೆಂಟು ಯಂತ್ರಗಳಲ್ಲಿ ಹನ್ನೊಂದು ಮಾತ್ರ ನಡೆಯುತ್ತವೆ. ಟೀಚರ್ ಸ್ವತಃ ಇನ್ನೂ ಕಲಿಯುತ್ತಿದ್ದಾರೆ. ಮಕ್ಕಳ ಮುಂದೆಯೇ ತಪ್ಪು ಮಾಡುತ್ತಾರೆ, ಮಕ್ಕಳ ಜತೆಗೇ ಅದನ್ನು ತಿದ್ದುತ್ತಾರೆ. ನಾವು ಹೋದಾಗ ಹುಡುಗಿಯೊಬ್ಬಳು ಕುರ್ಚಿಯಿಂದ ಎದ್ದು ನೆಲದ ಮೇಲೆ ಮೂರು ಹೆಜ್ಜೆ ನಡೆದು, ತಿರುಗಿ, ಮತ್ತೆ ಮೂರು ಹೆಜ್ಜೆ ನಡೆಯುತ್ತಿದ್ದಳು. ಏನಮ್ಮಾ ಮಾಡುತ್ತಿದ್ದೀ ಎಂದು ನಾವು ಕೇಳಲಿಲ್ಲ. ಕೇಳುವ ಅಗತ್ಯ ಇರಲಿಲ್ಲ.